ಪ್ರೌಢಶಾಲೆಯ ಉಪಾಧ್ಯಾಯರು ತಯಾರಾಗುವುದೆಲ್ಲಿ?

ಕಲಿತವರೆಲ್ಲರೂ ಕಲಿಸಬಲ್ಲರೆ ಎಂಬುದು ಬಹಳ ಹಳೆಯ ಪ್ರಶ್ನೆ. ಸೊಗಸಾಗಿ ಅಡಿಗೆ ಮಾಡುವ ಅಜ್ಜಿಯನ್ನು, ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಕೇಳಿದರೆ, "ಕಣ್ಣಂದಾಜು, ಮಗು" ಎಂದುಬಿಡುತ್ತಾಳೆ. ಅಳತೆ ಅವಳ ಕೈಗೆ ಗೊತ್ತು, ಬಾಯಿಗೆ ಬಾರದು. ವಿದ್ಯೆಯ ವಿಷಯವೂ ಇಷ್ಟೆ. ತನಗೆ ತಿಳಿದುದನ್ನು ತಿಳಿಯದವನ ಬುದ್ಧಿಗೆ ದಾಟಿಸುವುದು ಬೇರೆಯೇ ಒಂದು ವಿದ್ಯೆ. ಆ ಎರಡನೆಯ ವಿದ್ಯೆಯನ್ನು ಪದವೀಧರರಿಗೆ ಹೇಗೆ ಕಲಿಸಬೇಕು, ಕಲಿತರೆಂದು ಯಾರು ಸಾಕ್ಷಿ ಹೇಳಬೇಕು ಎಂಬುದೇ ಇಲ್ಲಿ ನಾನು ಎತ್ತಿಕೊಂಡಿರುವ ವಿಷಯ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಬಿ.ಎ. ಅಥವಾ ಬಿ.ಎಸ್‌ಸಿ. ಮುಗಿಸಿ ಬಿ.ಎಡ್.ಗೆ ಅರ್ಜಿ ಹಾಕುವ ಯೋಚನೆಯಲ್ಲಿರಬಹುದು. ಕೆಲವರು ಅಂಥ ಮಕ್ಕಳ ತಂದೆತಾಯಿಗಳಿರಬಹುದು. ಯಾರೂ ಅಲ್ಲದಿದ್ದರೂ ನಿಮ್ಮ ಮನೆಯದೊಂದು ಮಗು ಹೈಸ್ಕೂಲಿಗೆ ಹೋಗುತ್ತಿರುವುದಂತೂ ಇರಬಹುದಷ್ಟೆ. ಆದುದರಿಂದ ಈ ಮಾತು ಉಪಾಧ್ಯಾಯರೊಳಗಿನ ಮಾತೆಂದು ಪುಟ ತಿರುವಿಹಾಕಬೇಡಿರೆಂದು ಬೇಡುತ್ತೇನೆ.

ಹಿಂದೆ ಈ ತರಬೇತಿಗೆ ಎಲ್.ಟಿ. ಎಂದೂ ಬಿ.ಟಿ. ಎಂದೂ ಹೆಸರಿದ್ದಿತು. ಈಗ ಬಿ.ಎಡ್. ಭಾಷಾ ಪಂಡಿತರದು ಬೇರೆಯೇ ಒಂದು ದಾರಿ; ನಾನು ಬಂದದ್ದು ಆ ದಾರಿಯಿಂದಲೇ. ಛಂದಸ್ಸು, ಅಲಂಕಾರ, ವ್ಯಾಕರಣಗಳಲ್ಲಿ ನಮ್ಮನ್ನು ಚೆನ್ನಾಗಿ ಅರೆದು ಹದ ಮಾಡುತ್ತಿದ್ದರು. ಗ್ರಂಥವೇ ಅಲ್ಲಿ ಮುಖ್ಯ. ಬಿ.ಎಡ್. ದಾರಿಯಲ್ಲಿ ಮಗುವೇ ಮುಖ್ಯ. ಪಂಡಿತನೆಂಬ ಅಭಿಮಾನವನ್ನು ಬದಿಗಿಟ್ಟು ಹೇಳುವುದಾದರೆ, ಗ್ರಂಥವನ್ನೂ ಮಗುವನ್ನೂ ಒಟ್ಟಿಗೆ ಕಣ್ಣಮುಂದೆ ಇಟ್ಟುಕೊಂಡವನೇ ಉಪಾಧ್ಯಾಯ.

ಈಗಿನ ಕಟ್ಟಳೆಗಳನ್ನು ಸ್ವಲ್ಪ ನೋಡೋಣ. ಉಪಾಧ್ಯಾಯರ ಶಿಕ್ಷಣವನ್ನು ದೇಶದಾದ್ಯಂತ ಒಂದು ಹತೋಟಿಗೆ ತರಲು 1993ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಅದರಂತೆ 1995ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಕೆಲಸಕ್ಕೆ ತೊಡಗಿತು. ಅದಕ್ಕೂ ಮೊದಲಿನಿಂದ ಬಿ.ಎಡ್. ಒಂದು ವರ್ಷದ ವ್ಯಾಸಂಗವಾಗಿದ್ದಿತು. 2014ರ ನಿಯಮಗಳು ಅದನ್ನು ಎರಡು ವರ್ಷಕ್ಕೆ ಏರಿಸಿದುವು. 2015ರಲ್ಲಿ ಸೇರಿದವರಿಂದ ಈ ಕ್ರಮ ಜಾರಿಗೆ ಬಂದಿತು. ಆ ಎರಡು ವರ್ಷಗಳಲ್ಲಿ 20 ವಾರಗಳನ್ನು ಪ್ರಶಿಕ್ಷಣಾರ್ಥಿಯು ಶಾಲೆಗಳಲ್ಲಿಯೇ ಕಳೆಯಬೇಕು: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಕಾಲೇಜಿನ ಪಾಠಗಳಿಗೆ ನೂರಕ್ಕೆ 80ರಷ್ಟು ಹಾಜರಿ ಸಾಕು; ಶಾಲೆಯಲ್ಲಿ ಕಳೆಯುವ ವಾರಗಳಿಗೆ ಮಾತ್ರ ನೂರಕ್ಕೆ 90 ಇರಲೇಬೇಕು. ನಿಯಮ ಬರೆದವರಿಗೆ ಯಾವುದು ಹೆಚ್ಚಿನದಾಗಿ ಕಂಡಿತೆಂಬುದು ಈ ಎರಡು ಅಂಕೆಗಳಿಂದಲೇ ತಿಳಿಯುತ್ತದೆ.

ಇದರ ಜೊತೆಗೆ ಮತ್ತೊಂದು ದಾರಿಯೂ ಉಂಟು. ಪಿ.ಯು.ಸಿ. ಮುಗಿಸಿದವರು ನಾಲ್ಕು ವರ್ಷಗಳಲ್ಲಿ ಪದವಿಯನ್ನೂ ಬಿ.ಎಡ್. ಅನ್ನೂ ಕೂಡಿಯೇ ಪಡೆಯುವ ದಾರಿ ಅದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ಇದೇ ಉಪಾಧ್ಯಾಯ ವೃತ್ತಿಯ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿತು. 2023-24ರಲ್ಲಿ ದೇಶದ ಕೆಲವು ಸಂಸ್ಥೆಗಳಲ್ಲಿ ಹೊಸ ಏರ್ಪಾಡು ಮೊದಲಾಯಿತು. ನಮ್ಮ ನಾಡಿಗೆ ಈ ಆಲೋಚನೆ ಹೊಸದಲ್ಲ. 1963ರಲ್ಲಿ ಅಜ್ಮೀರ, ಭೋಪಾಲ, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆದಾಗ, ನಾಲ್ಕು ವರ್ಷದ ಕೂಡುವ್ಯಾಸಂಗವೇ ಅವುಗಳ ಹೆಗ್ಗಳಿಕೆಯಾಗಿದ್ದಿತು. ಮಾನಸಗಂಗೋತ್ರಿಯ ಮಗ್ಗುಲಲ್ಲಿ ಆ ಸಂಸ್ಥೆಯೂ, ಅದಕ್ಕೆ ಹೊಂದಿಕೊಂಡ ಪ್ರಯೋಗಶಾಲೆಯೂ ಇಂದಿಗೂ ಇವೆ. ಕಾಲೇಜಿನ ಬಾಗಿಲು ದಾಟಿದರೆ ಮಕ್ಕಳ ಶಾಲೆ! ಉಪಾಧ್ಯಾಯರ ತರಬೇತಿಗೆ ಇದಕ್ಕಿಂತ ಒಳ್ಳೆಯ ನೆರೆಹೊರೆ ಬೇರೆ ಯಾವುದು?

ವ್ಯಾಸಂಗವಾದ ಮೇಲೆ ಪರೀಕ್ಷೆಗಳು. 1ರಿಂದ 8ನೆಯ ತರಗತಿಯವರೆಗೆ ಪಾಠ ಹೇಳಬಯಸುವವರು ಟಿ.ಇ.ಟಿ. ಎಂಬ ಅರ್ಹತಾಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬಿ.ಎಡ್. ಆದವರು ಬರೆಯತಕ್ಕದ್ದು 6ರಿಂದ 8ನೆಯ ತರಗತಿಗೆ ಸಂಬಂಧಿಸಿದ ಎರಡನೆಯ ಪತ್ರಿಕೆ. 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗದವರಿಗೆ ನೂರಕ್ಕೆ 60 ಬಂದರೆ ತೇರ್ಗಡೆ. ಒಮ್ಮೆ ತೇರ್ಗಡೆಯಾದರೆ ಆ ಪ್ರಮಾಣಪತ್ರ ಜೀವಮಾನದುದ್ದಕ್ಕೂ ನಡೆಯುವುದೆಂದು 2021ರಲ್ಲಿ ತೀರ್ಮಾನವಾಯಿತು. ಪ್ರಾಥಮಿಕ ಶಾಲೆಯ ಕೆಳ ತರಗತಿಗಳಿಗೆ ಬಿ.ಎಡ್. ಸಲ್ಲುವುದಿಲ್ಲವೆಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಎಳೆಯ ಮಕ್ಕಳಿಗೆ ಕಲಿಸುವುದು ಬೇರೊಂದು ವಿದ್ಯೆ, ಅದಕ್ಕೆ ಬೇರೆ ತರಬೇತಿ ಬೇಕೆಂಬ ಮಾತು ಹೀಗೆ ಕಾನೂನಿನ ಬಾಯಿಂದಲೇ ಬಂದಂತಾಯಿತು. ಪ್ರೌಢಶಾಲೆಯ ಹುದ್ದೆಗಳಿಗೆ ಪದವಿ, ಬಿ.ಎಡ್., ಅದರ ಮೇಲೆ ನೇಮಕಾತಿಯ ಸ್ಪರ್ಧೆ.

ಇಷ್ಟು ಜರಡಿಗಳನ್ನು ದಾಟಿ ಬಂದ ಕಾಳು ಗಟ್ಟಿಯಾಗಿಯೇ ಇರಬೇಕಲ್ಲವೆ? ಇರಬೇಕು. ಆದರೆ ಈ ಬರವಣಿಗೆಯ ಪರೀಕ್ಷೆಗಳಲ್ಲಿ ನಾಲ್ಕು ಉತ್ತರಗಳ ನಡುವೆ ಸರಿಯಾದುದನ್ನು ಗುರುತು ಹಾಕುವುದೇ ಕೆಲಸ. ಅಭ್ಯರ್ಥಿಗೆ ವಿಷಯ ಗೊತ್ತೆ ಎಂಬುದನ್ನು ಅದು ಹೇಳಬಲ್ಲುದು. ಊಟವಾದ ಮೇಲಿನ ಮೊದಲ ಪೀರಿಯಡ್ಡಿನಲ್ಲಿ, ತೂಕಡಿಸುವ 50 ಮಕ್ಕಳ ಮುಂದೆ ನಿಂತಾಗ ಆತನಿಗೆ ಏನು ತೋಚುತ್ತದೆ ಎಂಬುದನ್ನು ಯಾವ ಪ್ರಶ್ನೆಪತ್ರಿಕೆಯೂ ಹೇಳಲಾರದು. ಅದನ್ನು ಹೇಳಬಲ್ಲುದು ಆ 20 ವಾರಗಳು ಮಾತ್ರ.

ಒಂದು ನಿದರ್ಶನ ಕೊಡುತ್ತೇನೆ. ನಮ್ಮ ಶಾಲೆಗೆ ತರಬೇತಿಗಾಗಿ ಬಂದಿದ್ದ ಒಬ್ಬ ಹುಡುಗಿ ಎಂಟನೆಯ ತರಗತಿಗೆ ಆದೇಶ ಸಂಧಿಯ ಪಾಠ ಮಾಡುತ್ತಿದ್ದಳು. ಕನ್ನಡ ಎಂ.ಎ. ಮುಗಿಸಿದ್ದವಳು, ವಿಷಯದಲ್ಲಿ ಕೊರತೆಯಿರಲಿಲ್ಲ. ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆಂದು ಹೇಳಿ, ಮಳೆ ಮತ್ತು ಕಾಲ ಸೇರಿ ಮಳೆಗಾಲ, ಚಳಿ ಮತ್ತು ಕಾಲ ಸೇರಿ ಚಳಿಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಎಂದು ಕರಿಹಲಗೆಯ ಮೇಲೆ ಅಂದವಾಗಿ ಬರೆದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಮಿಸ್, ಹಾಗಾದರೆ ಬೇಸಿಗೆಗಾಲ ಅನ್ನಬೇಕಲ್ಲವಾ? ನಾವು ಬೇಸಿಗೆಕಾಲ ಅಂತೀವಲ್ಲ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆಕೆಯ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. "ಅದು ಆಮೇಲೆ ನೋಡೋಣ, ಕೂತ್ಕೊ" ಎಂದು ಮುಂದಿನ ಹಂತಕ್ಕೆ ಹೋದಳು.

ಪಾಠ ಮುಗಿದ ಮೇಲೆ ನಾವಿಬ್ಬರೂ ಕುಳಿತು ಮಾತನಾಡಿದೆವು. "ಅಮ್ಮಾ, ನಿನ್ನ ಪಾಠದ ಅತ್ಯುತ್ತಮ ನಿಮಿಷ ಅದೇ. ಆ ಹುಡುಗ ಸೂತ್ರವನ್ನು ನಂಬಿದ, ಅದಕ್ಕೇ ಅದನ್ನು ತನ್ನ ಮನೆಯ ಮಾತಿಗೆ ಹಚ್ಚಿ ನೋಡಿದ" ಎಂದೆ. ಹಳೆಗನ್ನಡ ಎನ್ನುತ್ತೇವೆ, ಹೊಸಗನ್ನಡ ಎಂದೂ ಹೊಸಕನ್ನಡ ಎಂದೂ ಎರಡು ಬಗೆಯಾಗಿಯೂ ಅನ್ನುತ್ತೇವೆ. 13ನೆಯ ಶತಮಾನದ ಕೇಶಿರಾಜನೂ ಸೂತ್ರ ಹೇಳಿದ ಬಳಿಕ ಅದಕ್ಕೆ ಹೊರತಾದ ರೂಪಗಳನ್ನು ಕಾಣಿಸುತ್ತಾನೆ. ಭಾಷೆ ಮುಂದೆ ನಡೆಯುತ್ತದೆ, ವ್ಯಾಕರಣ ಹಿಂದಿನಿಂದ ಅದರ ಹೆಜ್ಜೆಗಳನ್ನು ಎಣಿಸುತ್ತದೆ. ಈ ಮಾತನ್ನು ಮಕ್ಕಳಿಗೆ ಹೇಳಲು ಆ ಹುಡುಗನ ಪ್ರಶ್ನೆಗಿಂತ ಒಳ್ಳೆಯ ಸಂದರ್ಭ ಸಿಕ್ಕೀತೆ? ಮರುದಿನ ಆಕೆ ಅವನನ್ನೇ ಎಬ್ಬಿಸಿ, ಸೂತ್ರಕ್ಕೆ ಒಗ್ಗುವ ಮತ್ತು ಒಗ್ಗದ ಮಾತುಗಳನ್ನು ಎರಡು ಸಾಲಾಗಿ ಹಲಗೆಯ ಮೇಲೆ ಬರೆಸಿದಳು. ಮಕ್ಕಳು ತಮ್ಮ ಊರಿನ ಮಾತುಗಳನ್ನೆಲ್ಲ ಹುಡುಕಿ ತಂದರು. ಆಕೆ ಆ ದಿನ ಉಪಾಧ್ಯಾಯಿನಿಯಾದಳೆಂದು ನನ್ನ ಎಣಿಕೆ.

ತರಬೇತಿ ಕಾಲೇಜಿನ ಪಾಠಗಳು ವ್ಯರ್ಥವೆಂದು ಇದರಿಂದ ಯಾರೂ ಭಾವಿಸಬಾರದು. ಜರ್ಮನಿಯ ಹರ್ಬಾರ್ಟನ ಅನುಯಾಯಿಗಳು ಪಾಠಕ್ಕೆ ಗೊತ್ತುಮಾಡಿದ ಐದು ಹಂತಗಳು, 1956ರಲ್ಲಿ ಬ್ಲೂಮ್ ಮತ್ತು ಆತನ ಸಂಗಡಿಗರು ಮಾಡಿದ ಶೈಕ್ಷಣಿಕ ಉದ್ದೇಶಗಳ ವರ್ಗೀಕರಣ, 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಸೂಕ್ಷ್ಮಬೋಧನೆ—ಇವೆಲ್ಲ ಬೇಕಾದುವೇ. ಕೆಲವೇ ಮಕ್ಕಳ ಮುಂದೆ ಕೆಲವೇ ನಿಮಿಷ, ಒಂದೇ ಒಂದು ಕೌಶಲವನ್ನು ಅಭ್ಯಾಸಮಾಡಿಸುವ ಸೂಕ್ಷ್ಮಬೋಧನೆಯು ಸಂಗೀತಗಾರರ ಸರಳೆವರಿಸೆಯಂತೆ. ಸರಳೆವರಿಸೆ ಕಲಿಯದೆ ಕೀರ್ತನೆಗೆ ಹೋಗಬಾರದು. ಆದರೆ ಅದನ್ನೇ ಹಾಡಿ ಕಚೇರಿ ಮುಗಿಸಲಾಗದು.

ಇನ್ನು ನೋವಿನ ಮಾತು. ಎಷ್ಟೋ ಕಡೆಗಳಲ್ಲಿ ಈ 20 ವಾರಗಳು ಕಾಗದದ ಮೇಲೆಯೇ ಕಳೆದುಹೋಗುತ್ತವೆ. ಬಣ್ಣದ ಲೇಖನಿಯಿಂದ ಗೆರೆ ಎಳೆದ ಪಾಠಯೋಜನೆಗಳ ದಪ್ಪ ಪುಸ್ತಕ ಮಾತ್ರ ನಮ್ಮ ಮೇಜಿಗೆ ಬರುತ್ತದೆ. ಒಮ್ಮೆ ಒಬ್ಬ ತರುಣ, ಮಾಡದ ಹತ್ತು ಪಾಠಗಳಿಗೆ ರುಜು ಬೇಕೆಂದು ವಿನಯದಿಂದಲೇ ಕೇಳಿದ; ಬೇರೆ ಶಾಲೆಗಳಲ್ಲಿ ಹಾಕಿಕೊಡುತ್ತಾರೆ ಸಾರ್ ಎಂದ. ಹಾಕಲಿಲ್ಲ; ಮೊದಲು ಪಾಠ ಮಾಡು, ನಾನು ಹಿಂದೆ ಕುಳಿತು ಕೇಳುತ್ತೇನೆ ಎಂದೆ. ಅವನು ಮತ್ತೆ ಬರಲಿಲ್ಲ. ಇಂದು ಅವನು ಎಲ್ಲಿಯೋ ಒಂದು ಕಡೆ ಉಪಾಧ್ಯಾಯನಾಗಿರಲೂಬಹುದು.

ಇದು ನನ್ನೊಬ್ಬನ ಗೊಣಗಾಟವಲ್ಲ. ಸುಪ್ರೀಂ ಕೋರ್ಟು ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಆಯೋಗವು 2012ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ದೇಶದಲ್ಲಿ ಒಂಟಿಯಾಗಿ ನಡೆಯುವ ತರಬೇತಿ ಸಂಸ್ಥೆಗಳು 10,000ಕ್ಕೂ ಮೇಲ್ಪಟ್ಟಿದ್ದು, ಅವುಗಳಲ್ಲಿ ಹೆಚ್ಚಿನವು ಹಣಕ್ಕೆ ಪದವಿಯನ್ನು ಮಾರುತ್ತಿವೆಯೆಂಬ ಕಟುಸತ್ಯವನ್ನು, ಆ ಆಯೋಗದ ಹೆಸರು ಹೇಳಿಯೇ 2020ರ ಶಿಕ್ಷಣ ನೀತಿಯು ಒಪ್ಪಿಕೊಂಡಿದೆ. ಕೊಂಡ ಪದವಿಗೆ ಬೆಲೆ ತೆರುವವರು ಯಾರು? ಕೊಂಡವನಲ್ಲ. 8, 9, 10ನೆಯ ತರಗತಿಗಳ ಬೆಂಚುಗಳ ಮೇಲೆ ಕುಳಿತ ಮಕ್ಕಳು. ಅನುಕೂಲವಂತರ ಮಕ್ಕಳಿಗೆ ಮನೆಪಾಠ ಸಿಕ್ಕುತ್ತದೆ. ಕೂಲಿಯವರ ಮಗಳಿಗೆ ಆ ಉಪಾಧ್ಯಾಯನ ಹೊರತು ಇನ್ನೊಬ್ಬನಿಲ್ಲ. ಆಕೆಯ ಎಸ್.ಎಸ್.ಎಲ್.ಸಿ. ಒಮ್ಮೆ ಮುರಿದುಬಿದ್ದರೆ ಓದು ಅಲ್ಲಿಗೇ ನಿಲ್ಲುವುದುಂಟು.

ಹಾಗಾದರೆ ಮಾಡತಕ್ಕುದೇನು? 1964ರಿಂದ 1966ರವರೆಗೆ ಕೆಲಸ ಮಾಡಿದ ಡಿ.ಎಸ್. ಕೊಠಾರಿಯವರ ಶಿಕ್ಷಣ ಆಯೋಗವು ಅಂದೇ ಒಂದು ಮಾತನ್ನು ಎತ್ತಿ ಹೇಳಿತ್ತು: ತರಬೇತಿ ಸಂಸ್ಥೆಗಳು ಒಂದು ಕಡೆ ವಿಶ್ವವಿದ್ಯಾನಿಲಯಗಳಿಂದಲೂ, ಇನ್ನೊಂದು ಕಡೆ ಶಾಲೆಗಳಿಂದಲೂ ದೂರವಾಗಿ ಒಂಟಿಯಾಗಿವೆ, ಆ ಒಂಟಿತನ ಅಳಿಯಬೇಕು. ಶಾಲೆಯ ಬದಿಯಿಂದ ಅದನ್ನು ಅಳಿಸುವುದು ನಮ್ಮ, ಅಂದರೆ ಹಳೆಯ ಉಪಾಧ್ಯಾಯರ ಕೈಯಲ್ಲಿದೆ. ತರಬೇತಿಯವರು ಬಂದರೆಂದರೆ ನಮ್ಮ ಪೀರಿಯಡ್ಡುಗಳನ್ನು ಅವರ ತಲೆಗೆ ಕಟ್ಟಿ ಸ್ಟಾಫ್‌ರೂಮಿನಲ್ಲಿ ಅಂಕಪಟ್ಟಿ ತುಂಬುತ್ತ ಕುಳಿತುಕೊಳ್ಳುವುದು ಸುಲಭ. ಅವರ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೊನೆಯವರೆಗೂ ಕೇಳುವುದು, ಅನಂತರ ಒಂದು ಒಳ್ಳೆಯದನ್ನೂ ಒಂದು ತಿದ್ದಬೇಕಾದುದನ್ನೂ ಹೇಳುವುದು—ಇದಕ್ಕೆ ತಗಲುವುದು ಒಂದು ಗಂಟೆ. ವಾರಕ್ಕೆ ಅಂಥ ಎರಡು ಗಂಟೆಗಳನ್ನು ನಾವು ಕೊಟ್ಟರೆ ಸಾಕು. ಮುಖ್ಯೋಪಾಧ್ಯಾಯರು ಅದನ್ನು ವೇಳಾಪಟ್ಟಿಯಲ್ಲಿಯೇ ಸೇರಿಸಿಕೊಟ್ಟರೆ ಇನ್ನೂ ಲೇಸು.

ಬಿ.ಎಡ್.ಗೆ ಹೊರಟಿರುವ ತರುಣ ತರುಣಿಯರಿಗೆ ಎರಡು ಮೂರು ಹಿತವಚನಗಳು. ಕಾಲೇಜನ್ನು ಆರಿಸುವಾಗ ಕಟ್ಟಡವನ್ನು ನೋಡಬೇಡಿ. ಅಲ್ಲಿನವರನ್ನು ಯಾವ ಶಾಲೆಗಳಿಗೆ ಕಳುಹಿಸುತ್ತಾರೆ, ಪಾಠ ನೋಡಲು ಅಧ್ಯಾಪಕರು ಬರುತ್ತಾರೆಯೆ ಎಂದು ಹಿಂದಿನ ವರ್ಷದವರನ್ನು ಕೇಳಿ. ಹಾಜರಾಗದೆಯೇ ಮುಗಿಸಬಹುದೆಂದು ಯಾರಾದರೂ ಆಸೆ ತೋರಿಸಿದರೆ ಆ ಬಾಗಿಲಿಗೆ ಕೈಮುಗಿದು ಹಿಂದಿರುಗಿ. ಶಾಲೆಗೆ ಹೋದಾಗ ಜಾಣ ಮಕ್ಕಳ ತರಗತಿಯನ್ನು ಬಿಟ್ಟು ಕಷ್ಟದ ತರಗತಿಯನ್ನೇ ಕೇಳಿ ಪಡೆಯಿರಿ. ಪಾಠ ಕೆಟ್ಟ ದಿನ ಅದೇಕೆ ಕೆಟ್ಟಿತೆಂದು ನಾಲ್ಕು ಸಾಲು ಬರೆದಿಡಿ. ನಿಮ್ಮ ತಪ್ಪನ್ನು ಹತ್ತಿರ ಕುಳಿತು ತಿದ್ದುವವರು ಆ ವಾರಗಳಲ್ಲಿ ಸಿಕ್ಕುವಷ್ಟು ಮುಂದೆಂದೂ ಸಿಕ್ಕುವುದಿಲ್ಲ. ಕೆಲಸ ಸಿಕ್ಕಿದ ಮೇಲೆ ಬಾಗಿಲು ಹಾಕಿದ ಕೋಣೆಯಲ್ಲಿ ನೀವು ಮತ್ತು ಮಕ್ಕಳು, ಅಷ್ಟೆ.

ತಂದೆತಾಯಿಗಳಿಗೂ ಒಂದು ಮಾತು. ಹೊಸ ಮುಖವೊಂದು ಬಂದು ಪಾಠ ಮಾಡುತ್ತಿದೆಯೆಂದು ಮಗು ಮನೆಗೆ ಬಂದು ಹೇಳಿದರೆ, ನಮ್ಮ ಮಗುವಿನ ಮೇಲೆ ಪ್ರಯೋಗವೆ ಎಂದು ಸಿಡುಕಬೇಡಿ. ವೈದ್ಯರು ಆಸ್ಪತ್ರೆಯಲ್ಲಿ ಹಿರಿಯರ ಕಣ್ಣಮುಂದೆ ಕಲಿಯುತ್ತಾರೆ. ಉಪಾಧ್ಯಾಯರೂ ಶಾಲೆಯಲ್ಲಿ ಹಿರಿಯರ ಕಣ್ಣಮುಂದೆಯೇ ಕಲಿಯಬೇಕು. ಆ ಹಿರಿಯರು ತರಗತಿಯಲ್ಲಿ ಇರುತ್ತಾರೆಯೆ ಎಂದು ಮಾತ್ರ ಅವಶ್ಯ ವಿಚಾರಿಸಿ.

ವಿಶ್ವವಿದ್ಯಾನಿಲಯದ ಮೊಹರು, ಅರ್ಹತಾಪರೀಕ್ಷೆಯ ಅಂಕ, ನೇಮಕಾತಿಯ ಆದೇಶ—ಇವುಗಳಿಂದ ತರಗತಿಯ ಬಾಗಿಲು ತೆರೆಯುತ್ತದೆ. ಒಳಗೆ ಹೋದವನು ಬೇಸಿಗೆಕಾಲದ ಹುಡುಗನಿಗೆ "ಕೂತ್ಕೊ" ಎನ್ನುತ್ತಾನೋ, "ಬಾ, ಹಲಗೆಯ ಮೇಲೆ ಬರೆ" ಎನ್ನುತ್ತಾನೋ ಎಂಬುದು ಬಹುಮಟ್ಟಿಗೆ ಆ 20 ವಾರಗಳಲ್ಲಿಯೇ ಗೊತ್ತಾಗಿಹೋಗಿರುತ್ತದೆ. ಆದುದರಿಂದ ಪಾಠಯೋಜನೆಯ ಪುಸ್ತಕದ ಅಡಿಯಲ್ಲಿ ಶಾಲೆಯ ಉಪಾಧ್ಯಾಯನು ಹಾಕುವ ಸಣ್ಣ ರುಜುವನ್ನು ಯಾರೂ ಸಣ್ಣದೆಂದು ತಿಳಿಯದಿರಲಿ. ಹಾಕುವವರು ಪಾಠ ಕೇಳಿ ಹಾಕಲಿ, ಹಾಕಿಸಿಕೊಳ್ಳುವವರು ಪಾಠ ಮಾಡಿ ಹಾಕಿಸಿಕೊಳ್ಳಲಿ.