ತ್ಯಾಜ್ಯ ಗುಡ್ಡೆಯ ಅಡಿಯ ಕಲ್ಲು: ಪರೀಕ್ಷೆ ಏಕೆ, ಹೇಗೆ?

(ಗಣಿ ಪ್ರದೇಶದ ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗಣಿಯೆಂದೊಡನೆ ನಮ್ಮ ಗಮನ ಅದಿರು, ಲಾರಿ, ಧೂಳು ಇವುಗಳತ್ತ ಹರಿಯುತ್ತದೆ. ಅದಿರಿನೊಡನೆ ಹೊರಬರುವ ನಿರುಪಯುಕ್ತ ಕಲ್ಲುಮಣ್ಣಿನ ಗುಡ್ಡೆಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆ ಗುಡ್ಡೆಯ ಅಡಿಯಲ್ಲಿ ನೀರು ಬಸಿದುಹೋಗಲೆಂದು ಹಾಸುವ ಕಲ್ಲಂತೂ ಯಾರ ಕಣ್ಣಿಗೂ ಬೀಳದು. ಆದರೆ ಕೆಳಗಿರುವ ಹೊಲ, ಹಳ್ಳ, ಕೆರೆಗಳ ಸುರಕ್ಷತೆ ಬಹುಮಟ್ಟಿಗೆ ಆ ಕಲ್ಲಿನ ಗುಣವನ್ನೇ ಅವಲಂಬಿಸಿದೆ.

ಗುಡ್ಡೆಯ ಮೇಲೆ ಸುರಿದ ಮಳೆಯ ಒಂದು ಭಾಗ ಒಳಗೆ ಇಂಗುತ್ತದೆ. ಅದಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗೆ ನೀರಿನ ಒತ್ತಡ ಬೆಳೆದು, ಮಣ್ಣಿನ ಕಣಗಳ ಹಿಡಿತ ಸಡಿಲಗೊಂಡು, ಗುಡ್ಡೆ ಜಾರಬಹುದು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಅಬರ್‌ಫ್ಯಾನ್ ಗ್ರಾಮದಲ್ಲಿ ನೀರಿನ ಒರತೆಗಳ ಮೇಲೆಯೇ ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಸುರಿಯಲಾಗಿತ್ತು. 1966ರ ಅಕ್ಟೋಬರ್ 21ರಂದು ಆ ಗುಡ್ಡೆ ಜಾರಿ ಶಾಲೆಯನ್ನೂ ಮನೆಗಳನ್ನೂ ಮುಚ್ಚಿತು. ಮೃತಪಟ್ಟ 144 ಮಂದಿಯಲ್ಲಿ 116 ಮಂದಿ ಮಕ್ಕಳು.

ನಮ್ಮ ರಾಜ್ಯದ ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಥಗಿತಗೊಳಿಸಿತು. ಗಣಿಗಳ ಪುನರಾರಂಭಕ್ಕೆ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಯ ಅನುಷ್ಠಾನವನ್ನು ಷರತ್ತಾಗಿ ವಿಧಿಸಿತು. ಗುಡ್ಡೆಯ ಬುಡದ ತಡೆಗೋಡೆ, ಕಾಲುವೆ, ತಡೆಯೊಡ್ಡುಗಳು ಈ ಯೋಜನೆಗಳ ಅಂಗಗಳೇ ಆಗಿವೆ. ಕಾಮಗಾರಿ ನಡೆದಿದೆಯೇ ಎಂದು ಕೇಳುವಷ್ಟಕ್ಕೆ ನಿಲ್ಲದೆ, ಅದಕ್ಕೆ ಬಳಸಿದ ಕಲ್ಲು ಎಂತಹದು ಎಂದೂ ನಾವು ಕೇಳಬೇಕು.

ಬಸಿಗಾಲುವೆಗೆ ಗಣಿಯಲ್ಲೇ ದೊರೆಯುವ ಕಲ್ಲನ್ನು ಬಳಸುವುದು ವಾಡಿಕೆ. ಇದರಿಂದ ಸಾಗಣೆಯ ವೆಚ್ಚ ಉಳಿಯುತ್ತದೆ. ಇದು ತಪ್ಪೂ ಅಲ್ಲ. ಆದರೆ ಒಂದೇ ಗಣಿಯ ಎಲ್ಲ ಕಲ್ಲೂ ಒಂದೇ ಬಗೆಯದಲ್ಲ. ಸಂಡೂರಿನ ಬೆಟ್ಟಸಾಲಿನಲ್ಲಿ ಪಟ್ಟೆಪಟ್ಟೆಯಾದ ಗಟ್ಟಿ ಹೆಮಟೈಟ್ ಕ್ವಾರ್ಟ್ಸೈಟ್ ಇದೆ. ಅದರ ಜೊತೆಯಲ್ಲೇ ಶೇಲ್, ಫಿಲೈಟ್ ಎಂಬ ಮೆದು ಪದರುಗಲ್ಲುಗಳೂ ಇವೆ. ಶೇಲ್ ಅಗೆದ ದಿನ ಗಟ್ಟಿಯಾಗಿಯೇ ತೋರಬಹುದು. ಬಿಸಿಲು ಮಳೆಗೆ ಸಿಕ್ಕಿ ಅದು ಪುಡಿಯಾದರೆ ಕಲ್ಲುಗಳ ನಡುವಿನ ಸಂದುಗಳೆಲ್ಲ ಕೆಸರಿನಿಂದ ತುಂಬಿಕೊಳ್ಳುತ್ತವೆ. ಮೇಲೆ ಹತ್ತಾರು ಮೀಟರ್ ಮಣ್ಣು ಬಿದ್ದ ಬಳಿಕ ಅದನ್ನು ತೆಗೆದು ಸರಿಪಡಿಸುವುದು ಬಹುತೇಕ ಅಸಾಧ್ಯ. ಆದುದರಿಂದ ಪರೀಕ್ಷೆಯು ಕಲ್ಲು ಹಾಸುವ ಮೊದಲೇ ಆಗತಕ್ಕದ್ದು.

ಪರೀಕ್ಷೆಗಳು ಮುಖ್ಯವಾಗಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ನೀಡುತ್ತವೆ.

ಒಂದು, ಗಾತ್ರ. ಜರಡಿ ಹಿಡಿದು ಕಲ್ಲಿನಲ್ಲಿ ನುಣ್ಣನೆಯ ಪುಡಿ ಎಷ್ಟಿದೆಯೆಂದು ತೂಗಿ ನೋಡುತ್ತಾರೆ. ಪುಡಿ ಹೆಚ್ಚಿದ್ದರೆ ನೀರು ಹರಿಯದು. ಬರಿಯ ದಪ್ಪ ಕಲ್ಲನ್ನೇ ಹಾಸಿದರೆ ಗುಡ್ಡೆಯ ಮಣ್ಣು ಸಂದುಗಳೊಳಗೆ ಇಳಿಯುತ್ತದೆ. ಆದ್ದರಿಂದ ನಡುವೆ ಲೆಕ್ಕಾಚಾರದಿಂದ ಗಾತ್ರ ನಿಗದಿಪಡಿಸಿದ ಸೋಸುವ ಪದರ ಬೇಕು.

ಎರಡು, ಗಟ್ಟಿತನ. ಉಕ್ಕಿನ ಗುಂಡುಗಳೊಡನೆ ಕಲ್ಲನ್ನು ಪೀಪಾಯಿಯಲ್ಲಿ ತಿರುಗಿಸಿ ಎಷ್ಟು ಸವೆಯಿತೆಂದು ಅಳೆಯುವ ಲಾಸ್ ಏಂಜಲಿಸ್ ಪರೀಕ್ಷೆ ಇದಕ್ಕೆ ಬಳಕೆಯಲ್ಲಿದೆ. ಭಾರತೀಯ ಮಾನಕ 2386ರಲ್ಲಿ ಇದರ ವಿಧಾನವಿದೆ.

ಮೂರು, ಬಾಳಿಕೆ. ಸುಮಾರು 40ರಿಂದ 60 ಗ್ರಾಂ ತೂಕದ ಹತ್ತು ತುಂಡುಗಳನ್ನು 2 ಮಿಲಿಮೀಟರ್ ಕಣ್ಣಿನ ಜಾಲರಿ ಪೀಪಾಯಿಯಲ್ಲಿಟ್ಟು, ನೀರಿನಲ್ಲಿ ಹತ್ತು ನಿಮಿಷ ತಿರುಗಿಸಿ, ಒಣಗಿಸಿ, ಮತ್ತೊಮ್ಮೆ ಹಾಗೆಯೇ ಮಾಡಿ, ಉಳಿದ ತೂಕವನ್ನು ಅಳೆಯುತ್ತಾರೆ. ಶೇಲ್‌ನಂತಹ ಕಲ್ಲಿನ ನಿಜಗುಣ ಇಲ್ಲಿ ಬಯಲಾಗುತ್ತದೆ.

ನಾಲ್ಕು, ರಾಸಾಯನಿಕ ಗುಣ. ಗಂಧಕಯುಕ್ತ ಪೈರೈಟ್ ಖನಿಜವು ಗಾಳಿ ಮತ್ತು ನೀರಿನೊಡನೆ ಸೇರಿ ಆಮ್ಲವನ್ನು ಉಂಟುಮಾಡುತ್ತದೆ. ಆ ಆಮ್ಲವು ಲೋಹಗಳನ್ನು ಕರಗಿಸಿ ಹಳ್ಳಕ್ಕೆ ಒಯ್ಯಬಲ್ಲದು. ಕಲ್ಲು ಉಂಟುಮಾಡಬಲ್ಲ ಆಮ್ಲವೆಷ್ಟು, ಅದನ್ನು ಶಮನಗೊಳಿಸುವ ಸುಣ್ಣದ ಅಂಶವೆಷ್ಟು ಎಂಬುದನ್ನು ಪ್ರಯೋಗಾಲಯದಲ್ಲಿ ತಾಳೆ ನೋಡುತ್ತಾರೆ. ಹಟ್ಟಿ ಚಿನ್ನದ ಗಣಿಯಂತಹ ಕಡೆ, ಅದಿರಿನಲ್ಲಿ ಗಂಧಕಯುಕ್ತ ಖನಿಜಗಳಿರುವುದರಿಂದ, ಈ ಪರೀಕ್ಷೆಗೆ ವಿಶೇಷ ಮಹತ್ವವಿದೆ.

ಪರೀಕ್ಷೆಯಷ್ಟೇ ಮುಖ್ಯವಾದುದು ಮಾದರಿ. ಆರಿಸಿ ತೆಗೆದ ನಾಲ್ಕು ಒಳ್ಳೆಯ ಕಲ್ಲುಗಳು ಇಡೀ ರಾಶಿಯನ್ನು ಪ್ರತಿನಿಧಿಸಲಾರವು. ಕಲ್ಲನ್ನು ತೆಗೆಯುವ ಪ್ರತಿಯೊಂದು ಸ್ತರದಿಂದಲೂ, ಸ್ಥಳಕ್ಕೆ ತಂದು ಸುರಿದ ರಾಶಿಯಿಂದಲೂ ಮಾದರಿ ತೆಗೆಯಬೇಕು.

ಸದಸ್ಯ ಬಂಧುಗಳೇ, ಪರಿಸರ ಅನುಮತಿಗಾಗಿ ಸಾರ್ವಜನಿಕ ಆಲಿಕೆ ನಡೆದಾಗ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಸಲ್ಲಿಸಿರಿ. ಬಸಿಗಾಲುವೆಯ ಕಲ್ಲು ಯಾವ ಸ್ಥಳದ್ದು? ಅದರ ಪರೀಕ್ಷಾ ವರದಿ ಎಲ್ಲಿದೆ? ಮಾದರಿಯನ್ನು ಯಾರು, ಎಂದು, ಎಲ್ಲಿಂದ ತೆಗೆದರು?

ಸಂಶಯ ಬಂದಾಗ ನೀವೇ ಮಾಡಬಹುದಾದ ಸರಳ ಪರಿಶೀಲನೆಯೊಂದಿದೆ. ಕೆಲವು ಕಲ್ಲುಗಳನ್ನು ರಾತ್ರಿ ಬಕೆಟ್ಟಿನ ನೀರಿನಲ್ಲಿ ನೆನೆಸಿ, ಹಗಲು ಬಿಸಿಲಿನಲ್ಲಿ ಒಣಗಿಸಿ, ಒಂದು ವಾರ ಹೀಗೆಯೇ ಮುಂದುವರಿಸಿರಿ. ಕಲ್ಲು ಪದರು ಬಿಟ್ಟರೆ, ನೀರಿನ ತಳದಲ್ಲಿ ಕೆಸರು ನಿಂತರೆ, ಪ್ರಯೋಗಾಲಯದ ಪರೀಕ್ಷೆಗೆ ಒತ್ತಾಯಿಸಲು ಅದು ಸಾಕಷ್ಟು ಕಾರಣ. ಆದರೆ ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ.

ಗುಡ್ಡೆ ಈಗಾಗಲೇ ಎದ್ದಿರುವಲ್ಲಿ ಮಳೆಗಾಲದಲ್ಲಿ ಅದರ ಬುಡವನ್ನು ಗಮನಿಸಿರಿ. ತಿಳಿನೀರು ಹೊರಬರುತ್ತಿದ್ದರೆ ಒಳ್ಳೆಯ ಲಕ್ಷಣ. ನೀರು ರಾಡಿಯಾಗಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿರಬಹುದು. ಕಿತ್ತಳೆ ಬಣ್ಣದ ಲೋಳೆ ಕಂಡರೆ ಕಬ್ಬಿಣದ ಅಂಶ ಗಟ್ಟಿಗೊಂಡು ದಾರಿ ಕಟ್ಟುತ್ತಿರಬಹುದು. ಹಿಂದೆ ಹರಿಯುತ್ತಿದ್ದ ನೀರು ಬಿರುಮಳೆಯಲ್ಲಿಯೂ ಹಠಾತ್ತನೆ ನಿಂತರೆ, ಅದು ಒಳಗೇ ಸಂಗ್ರಹವಾಗುತ್ತಿರುವ ಸಂಭವವುಂಟು. ಅಂತಹ ಸಂದರ್ಭದಲ್ಲಿ ದಿನಾಂಕ ಮತ್ತು ಛಾಯಾಚಿತ್ರಗಳೊಡನೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ತಹಶೀಲ್ದಾರರಿಗೂ ಅಂದೇ ತಿಳಿಸಿರಿ. ಕೆಳಭಾಗದ ನಿವಾಸಿಗಳನ್ನು ಎಚ್ಚರಿಸಿರಿ.

ಕಲ್ಲು ಒಮ್ಮೆ ಮಣ್ಣಿನಡಿ ಸೇರಿದ ಮೇಲೆ ಅದರ ಬಗ್ಗೆ ನಮ್ಮ ಬಳಿ ಉಳಿಯುವುದು ಪರೀಕ್ಷಾ ವರದಿಯೊಂದೇ. ಆ ವರದಿಯ ಪ್ರತಿ ನಿಮ್ಮ ಪಂಚಾಯತಿ ಕಚೇರಿಯ ಕಡತದಲ್ಲಿರಲಿ ಎಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.