ಒಂದೇ ಹಾರ್ಮೋನು, ಕೋಶಕ್ಕೊಂದು ಉತ್ತರ



ಅಂಡಾಶಯ ತೆಗೆದರೆ ಕೆಲವರ ಸ್ತನ ಕ್ಯಾನ್ಸರ್ ಗಡ್ಡೆ ಕುಗ್ಗುತ್ತದೆ ಎಂದು ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲೇ ತೋರಿಸಿದರು. ಎಲ್ಲರಲ್ಲೂ ಏಕೆ ಕುಗ್ಗುವುದಿಲ್ಲ? ಉತ್ತರ ಸಿಗಲು ಆರು ದಶಕ ಹಿಡಿಯಿತು. ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರನ್ನು ಷಿಕಾಗೋದಲ್ಲಿ ಎಲ್ವುಡ್ ಜೆನ್ಸನ್ ಪತ್ತೆಹಚ್ಚಿದರು. ಅದು ಎಲ್ಲ ಗಡ್ಡೆಗಳಲ್ಲೂ ಇರುವುದಿಲ್ಲ. ಬಯಾಪ್ಸಿ ವರದಿಯಲ್ಲಿ 'ಇ.ಆರ್. ಪಾಸಿಟಿವ್' ಎಂದಿರುವುದು ಅದರ ಬಗ್ಗೆಯೇ.

ಆ ಎರಡು ಪದಗಳ ಹಿಂದೆ ಎಷ್ಟು ಅಡಗಿದೆ ನೋಡಿ. ನೂರರಲ್ಲಿ ಒಂದೇ ಕೋಶ ರಿಸೆಪ್ಟರ್ ತೋರಿಸುವ ಬಣ್ಣ ಹಿಡಿದರೂ ಪಾಸಿಟಿವ್, ತೊಂಬತ್ತು ಹಿಡಿದರೂ ಪಾಸಿಟಿವ್. ಹತ್ತರೊಳಗಿದ್ದರೆ ಈಗ 'ಲೋ ಪಾಸಿಟಿವ್' ಎಂದು ಬೇರೆಯಾಗಿ ಬರೆಯುತ್ತೇವೆ, ಅಷ್ಟೇ. ಸ್ಲೈಡಿನಲ್ಲಾದರೋ ರಿಸೆಪ್ಟರ್ ಇರುವ ಕಂದು ಕೋಶದ ಪಕ್ಕದಲ್ಲೇ ಅದಿಲ್ಲದ ನೀಲಿ ಕೋಶ. ಆರೋಗ್ಯವಂತ ಸ್ತನದಲ್ಲಿ ರಿಸೆಪ್ಟರ್ ಇರುವ ಕೋಶ ಸಾಮಾನ್ಯವಾಗಿ ತಾನು ವಿಭಜನೆಯಾಗದೆ, ನೆರೆಯ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಕ್ಯಾನ್ಸರಿನಲ್ಲಿ ಆ ಶಿಸ್ತು ಮುರಿದು, ರಿಸೆಪ್ಟರ್ ಇರುವ ಕೋಶವೇ ಬೆಳೆಯತೊಡಗುತ್ತದೆ.

ಈ ಪ್ರದರ್ಶನದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಎಂ.ಸಿ.ಎಫ್.-7 ಕೋಶಗಳ ಫಲಕ. 1970ರಲ್ಲಿ ಡೆಟ್ರಾಯಿಟ್‌ನಲ್ಲಿ ಸ್ತನ ಕ್ಯಾನ್ಸರ್ ಇದ್ದ ಒಬ್ಬ ಮಹಿಳೆಯ ಎದೆಗೂಡಿನ ದ್ರವದಿಂದ ಬೆಳೆಸಿದ ವಂಶ ಇದು. ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಯುತ್ತಿದೆ. ಮೂಲ ಒಂದೇ, ತಟ್ಟೆ ಒಂದೇ, ಕೊಟ್ಟ ಈಸ್ಟ್ರೋಜನ್ ಒಂದೇ. ಆದರೂ 2019ರಲ್ಲಿ ಜೀವಂತ ಕೋಶಗಳನ್ನೇ ನೋಡುತ್ತ ಕುಳಿತ ಸಂಶೋಧಕರಿಗೆ ಕಂಡದ್ದು ಬೇರೆ: ಹಾರ್ಮೋನಿಗೆ ಓಗೊಡುವ ಟಿ.ಎಫ್.ಎಫ್.1 ಜೀನು ಸ್ವಲ್ಪ ಹೊತ್ತು ಚುರುಕಾಗಿ ಮತ್ತೆ ಸುಮ್ಮನಾಗುತ್ತದೆ. ಆ ಮೌನ ಕೆಲವೊಮ್ಮೆ ನಿಮಿಷಗಳದ್ದು, ಕೆಲವೊಮ್ಮೆ ದಿನಗಟ್ಟಲೆಯದು. ಇಂದು ಸುಮ್ಮನಿರುವ ಕೋಶ ನಾಳೆ ಓಗೊಟ್ಟೀತು. ಈ ವ್ಯತ್ಯಾಸ ಬಹುಮಟ್ಟಿಗೆ ಆ ಗಳಿಗೆಯದೇ ಹೊರತು ಕೋಶದ ಶಾಶ್ವತ ಗುಣವಲ್ಲ. ಒಂದು ದಿನದ ಸ್ಲೈಡು ನೋಡಿ ವರದಿ ಬರೆಯುವ ನಮ್ಮಂಥವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಚಿಕಿತ್ಸೆಯ ನಡುವೆಯೂ ಇಲ್ಲಿಗೆ ಬಂದಿರುವ ತಾಯಂದಿರೇ, ಟ್ಯಾಮಾಕ್ಸಿಫೆನ್ ಐದು ವರ್ಷ ಏಕೆ ನುಂಗಬೇಕು ಎಂದು ನೀವು ಕೇಳುತ್ತೀರಿ. ಆ ಮಾತ್ರೆ ರಿಸೆಪ್ಟರಿನಲ್ಲಿ ಈಸ್ಟ್ರೋಜನ್ನಿನ ಜಾಗವನ್ನು ತಾನೇ ಹಿಡಿದು ಕೂರುತ್ತದೆ. ಬಿಟ್ಟರೆ ಜಾಗ ತೆರವಾಗುತ್ತದೆ. ಅಡಗಿ ಉಳಿದ ಕೋಶ ವರ್ಷಗಳ ನಂತರವೂ ಬೆಳೆಯಬಹುದು. ಗುಣವಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ತೊಂದರೆಯಾದರೆ ವೈದ್ಯರ ಹತ್ತಿರ ಹೇಳಿ.

ಒಳಗಿನ ಮೇಜುಗಳ ಮೇಲೆ ಸೂಕ್ಷ್ಮದರ್ಶಕಗಳಿವೆ. ವರದಿ ತಂದಿರುವವರು ಈ ಚಿತ್ರಗಳನ್ನು ಸಿದ್ಧಪಡಿಸಿದ ವಿದ್ಯಾರ್ಥಿಗಳಿಗೆ ತೋರಿಸಿ, ಶೇಕಡಾವಾರು ಎಲ್ಲಿ ಬರೆದಿದೆ, ಅದರ ಅರ್ಥವೇನು ಎಂದು ಕೇಳಿ ತಿಳಿದುಕೊಳ್ಳಿ. ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಬನ್ನಿ, ಒಳಗೆ ಹೋಗೋಣ.