ತೆಂಗಿನ ಮರಕ್ಕೆ ಮೋಟಾರು ಎಲ್ಲಿದೆ?

ಮಕ್ಕಳೇ, ತೆಂಗಿನ ಮರದ ಬುಡದಲ್ಲಿ ನಿಂತು ಒಮ್ಮೆ ಕತ್ತೆತ್ತಿ ನೋಡಿ. ಹಳೆಯ ಮರವಾದರೆ ಎಪ್ಪತ್ತು ಎಂಬತ್ತು ಅಡಿ ಎತ್ತರ ಇರುತ್ತದೆ. ನೀರು ಹೀರುವ ಬೇರು ಮಣ್ಣಿನೊಳಗೆ, ನೀರು ಬೇಕಾದ ಗರಿಗಳು ಅಷ್ಟು ಮೇಲೆ. ಬೇಸಿಗೆಯ ಒಂದೇ ಹಗಲಿನಲ್ಲಿ ಹತ್ತಾರು ಲೀಟರ್ ನೀರು ಆ ತುದಿ ಮುಟ್ಟುತ್ತದೆ. ನಮ್ಮ ಮೈಯಲ್ಲಾದರೆ ರಕ್ತ ಓಡಿಸಲು ಹೃದಯವಿದೆ, ದೊಡ್ಡವರಲ್ಲಿ ಅದು ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ಮರದೊಳಗೆ ಹಾಗೆ ಬಡಿಯುವಂಥದ್ದು ಏನೂ ಇಲ್ಲ. ಮತ್ತೆ ನೀರನ್ನು ಮೇಲೆತ್ತುವವರು ಯಾರು?

ಬಾವಿಯ ದಡದ ಪಂಪು ಹೀರುವ ಹಾಗೆ ಮರ ಹೀರುತ್ತದೆ ಎನ್ನೋಣವೇ? ಹೀರುವ ಪಂಪಿಗೆ ಒಂದು ಮಿತಿಯಿದೆ. ಪಂಪು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ ಅಷ್ಟೆ, ನೀರನ್ನು ಕೊಳವೆಯಲ್ಲಿ ಮೇಲಕ್ಕೆ ನೂಕುವುದು ಹೊರಗಿನ ಗಾಳಿಯ ಒತ್ತಡ. ಅದಕ್ಕೆ ಸುಮಾರು 10 ಮೀಟರ್, ಅಂದರೆ 33 ಅಡಿಗಿಂತ ಮೇಲೆ ನೂಕುವ ಶಕ್ತಿಯಿಲ್ಲ. ಬಾವಿಯ ನೀರು ತೀರಾ ಕೆಳಗಿಳಿದಾಗ ರೈತರು ಪಂಪ್‌ಸೆಟ್ಟನ್ನೇ ಬಾವಿಯೊಳಗೆ ಇಳಿಸುತ್ತಿದ್ದುದು ಇದಕ್ಕೇ. ತೆಂಗು ಈ ಮಿತಿಯ ಎರಡು ಪಟ್ಟಿಗೂ ಮೇಲೆ ಬೆಳೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಹೈಪೀರಿಯನ್ ಎಂಬ ರೆಡ್‌ವುಡ್ ಮರವಂತೂ ಸುಮಾರು 116 ಮೀಟರ್ ಎತ್ತರವಿದೆ!

ಹಾಗಾದರೆ ಬೇರು ಕೆಳಗಿನಿಂದ ನೂಕುತ್ತದೆಯೇ? ಸ್ವಲ್ಪ ನೂಕುತ್ತದೆ. ಬೆಳಗಿನ ಜಾವ ರಾಗಿ ಪೈರಿನ ಎಲೆಯ ತುದಿಯಲ್ಲಿ ನಿಂತಿರುವ ಹನಿಗಳಲ್ಲಿ ಎಷ್ಟೋ ಇಬ್ಬನಿಯವಲ್ಲ, ಬೇರು ನೂಕಿದ್ದರಿಂದ ಹೊರಬಂದವು. ಆದರೆ ಎತ್ತರದ ಮರಕ್ಕೆ ಆ ಬಲ ಸಾಲದು.

ಕೆಲಸ ನಡೆಯುವುದು ಮೇಲೆ, ಎಲೆಯಲ್ಲಿ. ಎಲೆಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿವೆ. ಬಿಸಿಲಿಗೆ ಎಲೆಯೊಳಗಿನ ನೀರು ಆವಿಯಾಗಿ ಅವುಗಳ ಮೂಲಕ ಹೊರಬೀಳುತ್ತದೆ. ಹಾಗೆ ಹೋಗುವ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ, ಅದು ಅದರ ಹಿಂದಿನದನ್ನು. ಏಕೆಂದರೆ ನೀರಿನ ಕಣಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಗುಣವಿದೆ. ಕೆಸುವಿನ ಎಲೆಯ ಮೇಲೆ ಎರಡು ಹನಿ ಬಿಟ್ಟು ಎಲೆಯನ್ನು ಮೆಲ್ಲಗೆ ಓರೆ ಮಾಡಿ. ಒಂದನ್ನೊಂದು ತಾಕಿದ ಕ್ಷಣವೇ ಎರಡೂ ಚಕ್ಕನೆ ಕೂಡಿ ಒಂದಾಗುತ್ತವೆ. ಇದೇ ಗುಣದಿಂದಾಗಿ ಬೇರಿನಿಂದ ಗರಿಯವರೆಗಿನ ನೀರು, ಕೂದಲಿನಷ್ಟು ಸಪೂರವಾದ ನಾಳಗಳಲ್ಲಿ, ತುಂಡಾಗದ ಹಗ್ಗದ ಹಾಗೆ ಮೇಲಕ್ಕೆ ಸೇದಲ್ಪಡುತ್ತದೆ. ಸೇದುವ ಶಕ್ತಿ ಸೂರ್ಯನದು.

ಈ ವಿಚಾರವನ್ನು 1894ರಲ್ಲಿ ಮುಂದಿಟ್ಟವರು ಐರ್ಲೆಂಡಿನ ಡಬ್ಲಿನ್ ನಗರದ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ. ಅದಕ್ಕೆ ತುಸು ಮೊದಲೇ ಜರ್ಮನಿಯ ಬಾನ್ ನಗರದಲ್ಲಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಒಂದು ದಿಟ್ಟ ಪ್ರಯೋಗ ಮಾಡಿದ್ದರು. ದೊಡ್ಡ ಮರವನ್ನು ಬುಡದಲ್ಲಿ ಕಡಿದು, ಕಡಿದ ತುದಿಯನ್ನು ವಿಷದ ದ್ರಾವಣದಲ್ಲಿ ನಿಲ್ಲಿಸಿದರು. ವಿಷ ಏರುತ್ತ ಹೋದಂತೆ ಕಾಂಡದ ಜೀವಕೋಶಗಳು ಸತ್ತವು. ಆದರೂ ದ್ರಾವಣ ಏರುತ್ತಲೇ ಇತ್ತು! ವಿಷ ಎಲೆಗಳನ್ನು ಮುಟ್ಟಿ ಅವು ಸತ್ತ ಮೇಲಷ್ಟೇ ಏರುವುದು ನಿಂತಿತು. ಇದರಲ್ಲಿ ಆಶ್ಚರ್ಯಪಡಬೇಕಾದ್ದೂ ಇಲ್ಲ. ನೀರು ಒಯ್ಯುವ ಈ ನಾಳಗಳಿಗೆ ಕ್ಸೈಲಮ್ ಎಂದು ಹೆಸರು. ಅವು ಮೊದಲೇ ಸತ್ತು, ಒಳಗೆ ಟೊಳ್ಳಾಗಿ ಉಳಿದ ಕೋಶಗಳು.

ತುಂಬಾ ಬಿಗಿಯಾಗಿ ಎಳೆದರೆ ಹಗ್ಗ ಕಡಿಯುವುದಿಲ್ಲವೇ? ಕಡಿಯುತ್ತದೆ. ಮಣ್ಣು ಒಣಗಿ ನೀರು ಸಾಲದಾದಾಗ ನಾಳದಲ್ಲಿ ಗುಳ್ಳೆ ಹುಟ್ಟಿ ನೀರು ತುಂಡಾಗುತ್ತದೆ. 1966ರಲ್ಲಿ ಇಬ್ಬರು ವಿಜ್ಞಾನಿಗಳು ಇದನ್ನು ಕಿವಿಯಾರೆ ಕೇಳಿದರು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುತ್ತದಲ್ಲ, ಆ ಹರಳು ಗಿಡಕ್ಕೆ ಸೂಕ್ಷ್ಮವಾದ ಉಪಕರಣ ತಾಗಿಸಿ ಸದ್ದನ್ನು ಹಿಗ್ಗಿಸಿದಾಗ, ನೀರು ಕಡಿದಾಗಲೆಲ್ಲ ಟಿಕ್, ಟಿಕ್ ಎಂದಿತಂತೆ. ಬಾಯಾರಿದ ಗಿಡದ ಸದ್ದು ಅದು! ಸಸ್ಯವಿಜ್ಞಾನದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು.

ನೀರು ಮೇಲೇರಿದರೆ ಮುಗಿಯಲಿಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೂ ಹೋಗಬೇಕು, ಕಾಯಿಗೂ ಹೋಗಬೇಕು. ಅದನ್ನು ಒಯ್ಯುವ ನಾಳಗಳು ಬೇರೆ. ಅವು ಫ್ಲೋಯಮ್, ಇವಕ್ಕೆ ಜೀವವಿದೆ. ತೆಂಗಿನ ಹೊಂಬಾಳೆಯ ತುದಿ ಕೊಯ್ದಾಗ ತೊಟ್ಟಿಕ್ಕುವ ಸಿಹಿ ನೀರಾ ಇದೇ ನಾಳಗಳ ರಸ. ತೆಂಗಿನ ಫ್ಲೋಯಮ್‌ನದು ಇನ್ನೊಂದು ವಿಶೇಷ. ಅದರ ನಾಳದ ಕೋಶಗಳಲ್ಲಿ ಕೋಶಕೇಂದ್ರವೇ ಇರುವುದಿಲ್ಲ, ಪಕ್ಕದ ಕೋಶಗಳು ಅವನ್ನು ಸಲಹುತ್ತವೆ. ಹಾಗಿದ್ದೂ ಅವು ಹತ್ತಾರು ವರ್ಷ ಬದುಕಿ ಸಕ್ಕರೆ ಸಾಗಿಸುತ್ತವೆ. ಅಜ್ಜ ನೆಟ್ಟ ಮರದ ಬುಡದಲ್ಲಿ ಅಂದಿನ ಕೋಶಗಳೇ ಇಂದಿಗೂ ಕೆಲಸದಲ್ಲಿರುತ್ತವೆ.

ನೀರನ್ನು ಸೇದುವುದು ಎಲೆಯೇ ಎಂಬ ನನ್ನ ಮಾತನ್ನು ಸುಮ್ಮನೆ ನಂಬಬೇಡಿ. ಕರ್ಣಕುಂಡಲ ಗಿಡದ ಕಾಂಡ ನೀರು ತುಂಬಿಕೊಂಡು ಅರೆಪಾರದರ್ಶಕವಾಗಿರುತ್ತದೆ. ಒಂದೇ ಅಳತೆಯ ಎರಡು ರೆಂಬೆ ತನ್ನಿ. ಬುಡವನ್ನು ನೀರಿನೊಳಗೆ ಮುಳುಗಿಸಿ ಹಿಡಿದೇ ಕತ್ತರಿಸಿ, ಇಲ್ಲದಿದ್ದರೆ ನಾಳಕ್ಕೆ ಗಾಳಿ ಹೊಕ್ಕು ನೀರು ಕಡಿಯುತ್ತದೆ. ಬ್ಲೇಡು ಬಳಸುವಾಗ ದೊಡ್ಡವರು ಜೊತೆಗಿರಲಿ. ಒಂದು ರೆಂಬೆಯ ಎಲೆಗಳನ್ನೆಲ್ಲ ಕಿತ್ತುಬಿಡಿ, ಇನ್ನೊಂದರಲ್ಲಿ ಹಾಗೇ ಬಿಡಿ. ಎರಡನ್ನೂ ಕೆಂಪು ಶಾಯಿ ಬೆರೆಸಿದ ನೀರಿನ ಲೋಟಗಳಲ್ಲಿ ನಿಲ್ಲಿಸಿ, ಗಾಳಿ ಬೆಳಕು ಬರುವ ಕಿಟಕಿಯ ಬಳಿ ಇಡಿ. ಕೆಂಪು ಗೆರೆ ಯಾವುದರಲ್ಲಿ ಬೇಗ ಏರಿತು ಎಂದು ಸ್ಕೇಲಿನಿಂದ ಅಳೆದು ಬರೆದಿಡಿ.